ಒಂದು ಕೂದಲಷ್ಟು ಕೊಯ್ದ ಪತ್ತಿ

ಸನಾದಿಯ ತುದಿಗೆ ಕೂಡಿಸುವ ಹುಲ್ಲಿನ ನಾಲಿಗೆಗೆ ನಮ್ಮ ಮನೆಯಲ್ಲಿ ಪತ್ತಿ ಅನ್ನುತ್ತಿದ್ದರು. ಸನಾದಿ ಊದುವುದು ಗಂಡಸರ ಕೆಲಸ, ಪತ್ತಿ ಮಾಡುವುದು ಹೆಂಗಸರ ಕೆಲಸ. ಕಮಲಾಪುರದ ಹಳ್ಳದ ದಂಡೆಯಲ್ಲಿ ಜೊಂಡಿನಂಥ ಒಂದು ಹುಲ್ಲು ಬೆಳೆಯುತ್ತಿತ್ತು. ಅದನ್ನು ಕೊಯ್ದು ತಂದು, ನೆನೆಸಿ, ನೆರಳಿನಲ್ಲಿ ಒಣಗಿಸಿ, ಬಾಯಿಯನ್ನು ಚಪ್ಪಟೆ ಮಾಡಿ, ಸಣ್ಣ ಹಿತ್ತಾಳೆ ನಳಿಗೆಗೆ ದಾರದಿಂದ ಬಿಗಿದು ಕಟ್ಟಬೇಕು. ಆಮೇಲೆ ತುದಿಯನ್ನು ಹರಿತವಾದ ಚಾಕುವಿನಿಂದ ಸವರುತ್ತ ಬರಬೇಕು. ಉದ್ದ ಇದ್ದರೆ ದನಿ ಇಳಿಯುತ್ತದೆ, ಗಿಡ್ಡ ಆದರೆ ಏರುತ್ತದೆ. ಕೊಯ್ದದ್ದನ್ನು ಮತ್ತೆ ಅಂಟಿಸಲಿಕ್ಕೆ ಬರುವುದಿಲ್ಲ.

ಈ ಕೆಲಸ ನನಗೆ ಅವ್ವ ಕಲಿಸಿದಳು. ಅವಳು ತೀರಿಹೋದ ಮೇಲೆ ಮನೆಯ ಪತ್ತಿಗಳೆಲ್ಲ ನನ್ನ ಕೈಗೆ ಬಂದವು. ಬರೀ ಪತ್ತಿಯನ್ನು ಬಾಯಲ್ಲಿಟ್ಟು ಊದಿ ನೋಡಲು ಹೆಂಗಸರಿಗೆ ಅಡ್ಡಿಯಿರಲಿಲ್ಲ. ಸನಾದಿಗೆ ಮಾತ್ರ ಬಾಯಿ ಹಚ್ಚುವಂತಿರಲಿಲ್ಲ. ಅಪ್ಪ ಹೊರಗೆ ಹೋದಾಗ ನಾನು ಹಚ್ಚುತ್ತಿದ್ದೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಒಲೆಯ ಹೊಗೆಯೊಳಗೆ ಕೂತು, ಸಣ್ಣಗೆ ಊದುತ್ತಿದ್ದೆ. ಸಾಲಿಗೆ ಹೋದದ್ದು ಕಡಿಮೆ. ನಿಜಾಮನ ಕಾಲದ ಉರ್ದು ಸಾಲಿಯಲ್ಲಿ ಅಲಿಫ್ ಬೇ ಕಲಿಯುವಷ್ಟರಲ್ಲಿ ಬಿಡಿಸಿದರು. ಕನ್ನಡದ ಅಕ್ಷರ ಆಮೇಲೆ, ಮಕ್ಕಳ ಪಾಟಿ ನೋಡಿ ಕಲಿತೆ. ಬರೆಯುವುದು ಹೀಗಾಗಿ ನನಗೆ ನಿಧಾನ. ಆದರೆ ಈ ಒಂದು ಮಾತನ್ನು ನಾನೇ ಬರೆಯಬೇಕು.

ಅಣ್ಣ ನನಗಿಂತ ದೊಡ್ಡವನು. ಅಪ್ಪನ ಹತ್ತಿರ ಸನಾದಿ ಕಲಿತ, ಮೀಸೆ ಮೂಡುವ ಹೊತ್ತಿಗೆ ಬಿಟ್ಟ. ಲಗ್ನದ ಮನೆಯವರು ನಮ್ಮನ್ನು ಚಪ್ಪರದ ಹೊರಗೆ ಗೋಣಿ ತಟ್ಟಿನ ಮೇಲೆ ಕೂಡಿಸುತ್ತಿದ್ದರು. ಎಲ್ಲರ ಊಟ ಆದ ಮೇಲೆ ನಮಗೆ ಹಾಕುತ್ತಿದ್ದರು. ಅಣ್ಣನಿಗೆ ಅದು ಆಗುತ್ತಿರಲಿಲ್ಲ. ಒಂದು ದಿನ ಮುಂಜಾನೆ ಸಿಕಂದರಾಬಾದಿನ ಕಡೆಗೆ ಹೊರಟುಹೋದ. ಅಲ್ಲಿ ಫೌಜಿನ ಬ್ಯಾಂಡಿಗೆ ಸೇರಿ ಕ್ಲಾರಿನೆಟ್ ಕಲಿತನಂತೆ, ಸಂಜೆ ಸಾಹೇಬರ ಕ್ಲಬ್ಬುಗಳಲ್ಲಿ ಬಾರಿಸುತ್ತಾನಂತೆ ಎಂದು ಯಾರೋ ಬಂದು ಹೇಳಿದರು. ನಾನು ಅಣ್ಣ ಬಿಟ್ಟುಹೋದ ಪತ್ತಿಗಳನ್ನು ವಾರಕ್ಕೊಮ್ಮೆ ನೆನೆಸಿ ಒಣಗಿಸುತ್ತಿದ್ದೆ, ಒಡೆಯಬಾರದು ಅಂತ.

ರಜಾಕಾರರ ಗದ್ದಲದ ದಿನಗಳಲ್ಲಿ ಅವನ ಸುದ್ದಿಯೇ ಇರಲಿಲ್ಲ. ನಾನೂ ಅಪ್ಪನೂ ಊರ ಹೊರಗಿನ ಬಾಳೆ ತೋಟದಲ್ಲಿ ಅಡಗಿ ಕೂತಿದ್ದೆವು. ಅಪ್ಪ ಸನಾದಿಯನ್ನು ಬಾಳೆಯ ಪಟ್ಟೆಯಲ್ಲಿ ಸುತ್ತಿ ತನ್ನ ಎದೆಗೆ ಕಟ್ಟಿಕೊಂಡಿದ್ದ. ಕೆಂಪು ಬಾಳೆಹಣ್ಣು ತಿಂದು ಹೊಟ್ಟೆ ತುಂಬಿಸಿಕೊಂಡ ದಿನಗಳವು. ಇಂದಿಗೂ ಆ ಹಣ್ಣಿನ ವಾಸನೆ ಬಂದರೆ ನನಗೆ ಅಣ್ಣನ ಮೇಲಿನ ಸಿಟ್ಟೇ ನೆನಪಾಗುತ್ತದೆ. ಇಂಥ ಹೊತ್ತಿನಲ್ಲಿ ಅವನು ಇಲ್ಲವಲ್ಲ ಅನ್ನುವ ಸಿಟ್ಟು.

ಪೊಲೀಸ್ ಆ್ಯಕ್ಷನ್ ಮುಗಿಯಿತು. ನಿಜಾಮನ ಫೌಜು ಒಡೆಯಿತು. ಅಣ್ಣ ತಿರುಗಿ ಬಂದ. ಒಬ್ಬನೇ ಬರಲಿಲ್ಲ. ಜೊತೆಗೆ ಅವನ ಬ್ಯಾಂಡಿನ ಗುರುಗಳಿದ್ದರು, ಸ್ಯಾಕ್ಸೋಫೋನ್ ಊದುವ ವಯಸ್ಸಾದ ಸಾಹೇಬರು. ಎಲ್ಲರೂ ಅವರಿಗೆ ಉಸ್ತಾದ್ ಅನ್ನುತ್ತಿದ್ದರು. ಕಲಬುರಗಿಯ ಶಹಾಬಜಾರದಲ್ಲಿ ಅವರ ತಂಗಿಯ ಮನೆಯಿತ್ತು. ಕೆಳಗೆ ಅರಳೆ ಹಿಂಜುವ ಅಂಗಡಿ, ಮೇಲೆ ಒಂದು ಉದ್ದ ಕೋಣೆ. ಆ ಕೋಣೆಯಲ್ಲಿ ಉಸ್ತಾದರು, ಅಣ್ಣ, ಕಾರ್ನೆಟ್ ಅನ್ನುವ ಗಿಡ್ಡ ತುತ್ತೂರಿ ಊದುವ ಒಬ್ಬ, ಒಬ್ಬ ಡ್ರಮ್ಮಿನವನು ಕೂಡಿ ಮೇಳ ಕಟ್ಟಿದರು. ಸಿಕಂದರಾಬಾದಿನ ಕ್ಲಬ್ಬುಗಳಲ್ಲಿ ಕಲಿತ ಜಾಜ್ ಬಾರಿಸುತ್ತಿದ್ದರು. ಎಲ್ಲರೂ ಕೂಡಿ ಒಂದು ಹಾಡು ಹಿಡಿಯುವುದು, ಆಮೇಲೆ ಒಬ್ಬೊಬ್ಬನೇ ಆ ಹಾಡು ಬಿಟ್ಟು ಎಲ್ಲೆಲ್ಲಿಗೋ ಅಡ್ಡಾಡಿ ತಿರುಗಿ ಅದೇ ಜಾಗಕ್ಕೆ ಬಂದು ನಿಲ್ಲುವುದು. ಅಪ್ಪ ಒಮ್ಮೆ ಕೇಳಿ ಬಂದು ನನಗೆ ಹೇಳಿದ:

"ನಮ್ಮ ಆಲಾಪನೇ ಅದ ಯವ್ವಾ. ಆದ್ರ ಮೋಟಾರ ತಪ್ಪತದ ಅನ್ನೋರಂಗ ಓಡಿಕೋತ ಮಾಡ್ತಾರ."

ಕಲಬುರಗಿಯ ಐವಾನ್-ಎ-ಶಾಹಿ ಅನ್ನುವ ಸರಕಾರಿ ಅತಿಥಿಗೃಹಕ್ಕೆ ಬರುವ ಸಾಹೇಬರಿಗೆ ಮೊದಮೊದಲು ಇವರ ಬಾಜಾ ಹಿಡಿಸಿತು. ಆದರೆ ಹೊಸ ಅಧಿಕಾರಿಗಳು ಬರತೊಡಗಿದರು. ಹೆಂಡತಿ ಮಕ್ಕಳ ಜೊತೆ ಬಂದವರು, ಕುಣಿಯುವ ರೂಢಿ ಇಲ್ಲದವರು. "ಇಂಗ್ಲಿಷರೇ ಹೋದ್ರು, ಅವರ ಬಾಜಾ ಯಾಕ್ರೀ ಇನ್ನಾ?" ಅಂತ ಒಬ್ಬರು ಕೇಳಿದರಂತೆ. ಅಣ್ಣನಿಗೆ ಆ ಮಾತು ನಟ್ಟಿತು. ಉಸ್ತಾದರು ಮಾತ್ರ ನಕ್ಕರಂತೆ.

ಅದಾಗಿ ಸ್ವಲ್ಪ ದಿನಕ್ಕೆ ಉಸ್ತಾದರು ಅಣ್ಣನ ಜೊತೆ ಕಮಲಾಪುರಕ್ಕೆ ಬಂದರು. ಹಿಂದಿನ ಸಂಜೆ ಬಂದು ಉಳಿದವರು ಮುಂಜಾನೆ ಅಪ್ಪ ಗುಡಿಯ ಕಟ್ಟೆಯ ಮೇಲೆ ಸನಾದಿ ಊದುವುದನ್ನು ಕೇಳಿದರು. ಚಪ್ಪಲಿ ಬಿಟ್ಟು, ದೂರದಲ್ಲಿ ಬೇವಿನ ಗಿಡದ ಕೆಳಗೆ, ಅಪ್ಪ ಮುಗಿಸುವವರೆಗೆ ನಿಂತೇ ಇದ್ದರು. ಮನೆಗೆ ಬಂದು ರೊಟ್ಟಿ ಮುರಿಯುತ್ತ ಅಣ್ಣನಿಗೆ ಹೇಳಿದರು:

"ಬೇಟಾ, ಹಮಾರಾ ಬಾಜಾ ಎಲ್ಲಾ ಕಡಿ ಹೋಗ್ತದ. ಇದು ಮಾತ್ರ ನಿಂತ ಜಾಗಾದಾಗೇ ಎಲ್ಲಾನೂ ತೋರಸ್ತದ. ಇದು ನಮಗ ಬೇಕು."

ಅಪ್ಪನನ್ನೇ ಮೇಳಕ್ಕೆ ಕರೆದರು. ಅಪ್ಪ ತನ್ನ ಬೊಚ್ಚು ಬಾಯಿ ತೋರಿಸಿದ. "ಗುಡಿ ಮುಂದ ದೇವರು ಸುಧಾರಿಸಿಕೋತಾನ್ರೀ. ಸಾಹೇಬರು ಸುಧಾರಿಸಿಕೋತಾರೇನು? ಮಗಾನೇ ಊದಲಿ. ಕಲಿತಾನಲ್ಲ."

ಅಣ್ಣ ತಲೆ ತಗ್ಗಿಸಿದ. ಬಿಟ್ಟುಹೋದ ಸನಾದಿಯನ್ನು ಹೀಗೆ ಅಪ್ಪನ ಕೈಯಿಂದ ಮತ್ತೆ ತಗೊಂಡ.

ಒಂದೇ ತೊಡಕು ಇತ್ತು. ಸನಾದಿಯ ದನಿ ಸ್ಯಾಕ್ಸೋಫೋನಿನ ದನಿಗೆ ಕೂಡುತ್ತಿರಲಿಲ್ಲ, ಸ್ವಲ್ಪ ಕೆಳಗೆ ನಿಲ್ಲುತ್ತಿತ್ತು. ಉಸ್ತಾದರು ಒಂದು ಹಿತ್ತಾಳೆಯ ಸೀಟಿ ಕೊಟ್ಟರು. ಊದಿದರೆ ಒಂದೇ ದನಿ. ಅವರ ಮೇಳದ ವಾದ್ಯಗಳೆಲ್ಲ ಆ ದನಿಗೆ ಕೂಡಿದವು. ಸನಾದಿ ಆ ಸೀಟಿಗೆ ಸರಿಯಾಗಿ ನಿಲ್ಲುವಂಥ ಪತ್ತಿ ಮಾಡಬೇಕು. ಅದು ನನ್ನ ಕೆಲಸ. ಹುಲ್ಲು ಎಷ್ಟು ಹಾಳಾಯಿತೋ ದೇವರಿಗೇ ಗೊತ್ತು. ಕೊನೆಗೆ ಒಂದು ಪತ್ತಿ ಕೂಡಿತು. ಅದನ್ನು ಹಾಕಿಕೊಂಡು ಅಣ್ಣ ಶಹಾಬಜಾರದ ಕೋಣೆಯಲ್ಲಿ ತಾಲೀಮು ಮಾಡಿದ. ಬಂದಾಗೊಮ್ಮೆ ಹೇಳುತ್ತಿದ್ದ, ಸನಾದಿ ಉದ್ದಕ್ಕೆ ಎಳೆದಾಗ ಉಸ್ತಾದರು ಅದರ ಸುತ್ತ ಹ್ಯಾಗೆ ಬಳ್ಳಿಯ ಹಾಗೆ ಹಬ್ಬುತ್ತಾರೆ, ಕಾರ್ನೆಟ್‌ನವನು ಹ್ಯಾಗೆ ವಾದ್ಯದ ಬಾಯಿಗೆ ಬಟ್ಟಲು ಹಿಡಿದು ದನಿ ಮುಚ್ಚಿ ತೆಗೆಯುತ್ತಾನೆ. ಅವನು ಹೇಳುವಾಗ ನಾನು ಹಿಟ್ಟು ನಾದುವುದನ್ನು ಮರೆತು ಕೂಡುತ್ತಿದ್ದೆ.

ಐವಾನ್-ಎ-ಶಾಹಿಯಲ್ಲಿ ದೊಡ್ಡ ಚಹಾಪಾರ್ಟಿ ಬಂತು. ಹೊಸ ಬಾಜಾ ಅವತ್ತೇ ಮೊದಲು ಕೇಳಿಸುವುದು ಅಂತ ಆಯಿತು. ಅಪ್ಪನಿಗೂ ಕರೆ ಬಂತು, ಕುರ್ಚಿಯ ಮೇಲೆ ಕೂತು ಕೇಳಲಿಕ್ಕೆ. ತಾಲೀಮಿನಲ್ಲಿ ಊದಿ ಊದಿ ಆ ಮೊದಲಿನ ಪತ್ತಿ ಬಾಯಿಬಿಟ್ಟಿತ್ತು. ನಾನು ಹೊಸವು ಎರಡು ಮಾಡಿದೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಅವತ್ತು ಮುಂಜಾನೆ ಅಪ್ಪ ಎರಡನ್ನೂ ಒಂದಾದ ಮೇಲೊಂದು ಸನಾದಿಗೆ ಹಾಕಿ ಊದಿದ, ಸೀಟಿ ಊದಿದ, ಮತ್ತೆ ಸನಾದಿ ಊದಿದ.

"ಸರಿ ಅದ," ಅಂದ. "ಎರಡೂ ಸರಿ ಅದ. ನಿಮ್ಮವ್ವನ ಕೈನೇ ಇದು."

ಆ ಮಾತಿಗೆ ನನಗೆ ಧೈರ್ಯ ಬಂತು. ಅಣ್ಣ ಅಂಗಿ ತೊಡುತ್ತಿದ್ದ. ಹೋಗಿ ಕೇಳಿದೆ:

"ಅಣ್ಣಾ, ನಾನೂ ಬರ್ತೀನಿ. ಹಿಂದ ಎಲ್ಲರ ನಿಂತು ಕೇಳ್ತೀನಿ."

"ಎಲ್ಲಿಗಿ?"

"ಐವಾನ್-ಎ-ಶಾಹಿಗೆ."

ನಕ್ಕುಬಿಟ್ಟ. "ಏ ಹುಚ್ಚಿ, ಅಲ್ಲಿಗಿ ಹೆಣ್ಮಕ್ಕಳು ಬರ್ತಾರೇನು?"

"ಸಾಹೇಬರ ಹೆಂಡ್ರು ಬರ್ತಾರಲ್ಲ."

"ಅವರು ಬ್ಯಾರೆ. ನೀ ಬಂದು ಏನ್ ಮಾಡ್ತಿ? ನಿನಗ ಬಾಜಾ ತಿಳೀತದೇನು? ಪತ್ತಿ ಜಲ್ದಿ ಕಟ್ಟಿ ಕೊಡು, ಮೋಟಾರ ಬರ್ತದ."

ಒಳಗೆ ಹೋದೆ. ಎರಡು ಪತ್ತಿಗಳು ಒದ್ದೆ ಬಟ್ಟೆಯ ಮೇಲೆ ಇದ್ದವು. ಪಕ್ಕದಲ್ಲೇ ಚಾಕು. ಅಪ್ಪ ಅಂಗಳದಲ್ಲಿ ರುಮಾಲು ಸುತ್ತುತ್ತಿದ್ದ. ಒಂದರ ತುದಿಯನ್ನು ಕೂದಲಷ್ಟು ಕೊಯ್ದೆ. ಅಷ್ಟು ಕೊಯ್ದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಒಂಟಿಯಾಗಿ ಊದಿದರೆ ಯಾರಿಗೂ ತಿಳಿಯದು. ಸ್ಯಾಕ್ಸೋಫೋನಿನ ಪಕ್ಕದಲ್ಲಿ ನಿಂತರೆ ಹಲ್ಲಿಗೆ ಹರಳು ಸಿಕ್ಕ ಹಾಗೆ ಆಗುತ್ತದೆ. ಒಂದನ್ನೇ ಕೊಯ್ದರೆ ಇನ್ನೊಂದರಲ್ಲಿ ಊದಿಬಿಡುತ್ತಾನೆ ಅಂತ ಎರಡನೆಯದನ್ನೂ ಕೊಯ್ದೆ. ಬಟ್ಟೆಯಲ್ಲಿ ಕಟ್ಟಿ ಅವನ ಕೈಯಲ್ಲಿ ಕೊಟ್ಟೆ. "ಛಲೋ ಆಗಲಿ ಅಣ್ಣಾ" ಅಂತ ಬೇರೆ ಅಂದೆ.

ಅಲ್ಲಿ ಏನಾಯಿತು ಅನ್ನುವುದು ಆಮೇಲೆ ಉಸ್ತಾದರಿಂದ ತಿಳಿಯಿತು. ಸನಾದಿ ಒಂಟಿಯಾಗಿ ಸುರುವಾದಾಗ ಚಹಾದ ಬಟ್ಟಲುಗಳ ಸಪ್ಪಳ ನಿಂತಿತಂತೆ. ಉಸ್ತಾದರು ಸೇರಿಕೊಂಡ ಕೂಡಲೇ ಮುಂದಿನ ಸಾಲಿನವರು ಮುಖ ಕಿವುಚಿದರು. ಅಣ್ಣ ತುಟಿ ಸಡಿಲು ಮಾಡಿ ದನಿ ಇಳಿಸಲು ನೋಡಿದ, ನಿಲ್ಲಲಿಲ್ಲ. ಪತ್ತಿ ಬದಲಿಸಿದ, ಅದೂ ಹಾಗೇ. ಒಬ್ಬ ಹುಡುಗಿ ನಕ್ಕಳು, ಅವಳ ಹಿಂದೆ ಇನ್ನಷ್ಟು ಮಂದಿ ನಕ್ಕರು. ಕೊನೆಗೆ ಅಣ್ಣ ಸನಾದಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಉಳಿದವರು ಹಳೆಯ ಕ್ಲಬ್ಬಿನ ಹಾಡು ಬಾರಿಸಿ ಮುಗಿಸಿದರು.

ಅಣ್ಣ ಊರಿಗೆ ಬರಲಿಲ್ಲ, ಶಹಾಬಜಾರದಲ್ಲೇ ಉಳಿದ. ಅಪ್ಪ ಮರುದಿನ ಸನಾದಿ ಹಿಡಿದುಕೊಂಡು ಒಬ್ಬನೇ ಬಂದ. ಅಣ್ಣನ ಮಾನ ಹೋಯಿತು ಅಂತ ಒಳಗೊಳಗೇ ಒಂದು ಘಳಿಗೆ ಖುಷಿಪಟ್ಟೆನೋ ಏನೋ, ಸುಳ್ಳು ಹೇಳಲಾರೆ. ಆದರೆ ಅಪ್ಪ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ ಮಾತಿಗೆ ಆ ಖುಷಿ ಇಳಿದುಹೋಯಿತು.

"ಮಗಂದೇನೂ ತಪ್ಪಿಲ್ಲ ಯವ್ವಾ. ನಿಂದೂ ತಪ್ಪಿಲ್ಲ. ಎರಡೂ ಪತ್ತಿ ಸರಿ ಅದ ಅಂತ ಹೇಳಿದಾಂವ ನಾನು. ಅದೇ ಪತ್ತಿ ಸಂಜಿಗಿ ತಪ್ಪು ಕೇಳಿಸ್ತು. ಮುಂಜಾನಿ ಕಿವಿ, ಸಂಜಿ ಕಿವಿ, ಎರಡರಾಗ ಒಂದು ಸುಳ್ಳು ಹೇಳ್ಯಾದ. ನನ್ನ ಕಿವಿ ಹೋಯ್ತು."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. "ರೊಟ್ಟಿ ಹಾಕ್ಲೇನಪ್ಪಾ?" ಅಂತ ಬಂತು.

ಪತ್ತಿ ಕೊಯ್ದದ್ದು ಒಂದು ಕ್ಷಣದ ಸಿಟ್ಟು. ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ದಸರೆಯ ಹೊತ್ತಿಗೆ ನಡೆದದ್ದನ್ನು ಜೋಳ ತೆನೆಗೆ ಬರುವವರೆಗೆ ಹೊಟ್ಟೆಯಲ್ಲಿ ಇಟ್ಟುಕೊಂಡೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ. ಅಷ್ಟರಲ್ಲಿ ಅಪ್ಪ ಗುಡಿಯ ಕಟ್ಟೆ ಹತ್ತುವುದನ್ನು ಬಿಟ್ಟ. ಮುಂಜಾನೆ ಊರವರು ಕೇಳಿದರೆ ಕೆಮ್ಮು ಅಂದ. ಪಕ್ಕದ ಊರಿನ ಸನಾದಿಯವರು ತಮ್ಮ ವಾದ್ಯ ತಂದು, "ಕಾಕಾ, ಸ್ವಲ್ಪ ಕೇಳಿ ಹೇಳ್ರಿ, ಸರಿ ಅದ ಇಲ್ಲ" ಅಂದರೆ, "ನನ್ನ ಕೇಳಬ್ಯಾಡ್ರಪ್ಪಾ, ನನ್ನ ಕಿವೀನೇ ರಿಪೇರಿಗಿ ಬಂದದ" ಅಂತ ನಗಿಸಿ ಕಳಿಸುತ್ತಿದ್ದ. ಅವರು ಹೋದ ಮೇಲೆ ಅವನ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಮಧ್ಯಾಹ್ನ ತಂಬಿಗೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಉಗುರಿನಿಂದ ಬಡಿಯುತ್ತಿದ್ದ. ಕಣ್ಣು ಮುಚ್ಚಿ ಕೇಳುತ್ತಿದ್ದ. ಮತ್ತೆ ಬಡಿಯುತ್ತಿದ್ದ.

"ಯವ್ವಾ, ಇದು ನಿನ್ನಿ ಹಂಗೇ ಅದ ಏನು?"

"ಹಂಗೇ ಅದಪ್ಪಾ."

"ನನಗ್ಯಾಕೋ ಸ್ವಲ್ಪ ಇಳಿದಂಗ ಕೇಳ್ತದ."

ತಂಬಿಗೆ ಹ್ಯಾಗೆ ಇಳಿಯುತ್ತದೆ? ನೀರು ಅಡಿಯಲ್ಲಿ ಸ್ವಲ್ಪ ಉಳಿದಿತ್ತು, ಅಷ್ಟೇ. ಅವನ ಕಿವಿ ಆ ನೀರನ್ನೂ ಕೇಳಿತ್ತು. ಸರಿಯಾಗಿರುವ ಕಿವಿಯನ್ನು ಹಿಡಿದುಕೊಂಡು ಅವನು ಅದು ಕೆಟ್ಟಿದೆ ಅಂತ ಕೊರಗುತ್ತಿದ್ದ. ನಾನು ಎದುರಿಗೆ ಕೂತು ಜೋಳ ಹಸನು ಮಾಡುತ್ತಿದ್ದೆ.

ಸೀತನಿಯ ದಿನಗಳು ಬಂದವು. ಹೊಲದಲ್ಲಿ ಎಳೆ ತೆನೆ ಸುಟ್ಟು ತಿನ್ನುವ ಸಡಗರ. ಒಂದು ದಿನ ನಾನು ಸೆರಗಿನ ತುಂಬ ಸೀತನಿ ಕಟ್ಟಿಕೊಂಡು ಮನೆಗೆ ಬಂದರೆ ಅಪ್ಪ ಸನಾದಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಪಕ್ಕದಲ್ಲಿ ಸೀಟಿಯೂ ಇತ್ತು.

"ಎಲ್ಲಿಗಪ್ಪಾ?"

"ತಾಜಸುಲ್ತಾನಪುರದ ನಮ್ಮ ಅಕ್ಕನ ಮನಿಗಿ ಕೊಟ್ಟು ಬರ್ತೀನಿ. ಅವರ ಮನ್ಯಾಗ ಊದೋರು ಅದಾರ. ಕಿವಿ ಇಲ್ಲದವನ ಮನ್ಯಾಗ ಇದು ಯಾಕ ಒಣಗಬೇಕು?"

ಬಟ್ಟೆಯ ಗಂಟಿನ ಮೇಲೆ ಕೈ ಇಟ್ಟೆ. ಸೆರಗಿನ ಸೀತನಿ ನೆಲದ ಮೇಲೆ ಚೆಲ್ಲಿದವು.

"ಅಪ್ಪಾ, ಪತ್ತಿ ನಾ ಕೊಯ್ದೆ."

"ಏನು?"

"ನೀ ಸರಿ ಅದ ಅಂದ ಮ್ಯಾಲೆ ಒಳಗ ಹೋಗಿ ಕೊಯ್ದೆ. ಎರಡೂ. ಅಣ್ಣ ಕರಕೊಂಡು ಹೋಗಲ್ಲ ಅಂದ, ಸಿಟ್ಟು ಬಂತು."

ಬಯ್ಯುತ್ತಾನೆ, ಕೈ ಎತ್ತುತ್ತಾನೆ ಅಂತ ಕಣ್ಣು ಮುಚ್ಚಿದ್ದೆ. ಅಪ್ಪ ಕೇಳಿದ:

"ಎಷ್ಟು ಕೊಯ್ದಿ?"

"ಕೂದಲಷ್ಟು."

"ತೋರಸು."

ಹೆಬ್ಬೆರಳ ಉಗುರಿನ ಅಂಚು ತೋರಿಸಿದೆ. ಅದಕ್ಕೂ ಸ್ವಲ್ಪ ಕಮ್ಮಿ ಅಂದೆ. ಅಪ್ಪ ನನ್ನ ಉಗುರನ್ನು ಬೆಳಕಿಗೆ ಹಿಡಿದು ನೋಡಿದ.

"ಇಷ್ಟೇ? ಇಷ್ಟು ನನಗ ದೂರದ ಕುರ್ಚಿ ಮ್ಯಾಲಿಂದ ಕೇಳಿಸ್ತು?"

ಅವನ ತುಟಿ ನಡುಗಿದವು. ಅಳುತ್ತಾನೆ ಅಂದುಕೊಂಡೆ, ನಗುತ್ತಿದ್ದ. "ಹಂಗಾರ ಮುಂಜಾನಿ ಕಿವೀನೂ ಖರೆ, ಸಂಜಿ ಕಿವೀನೂ ಖರೆ!" ಅಂತ ಎದ್ದು ನಿಂತ. ತಂಬಿಗೆಗೆ ಉಗುರಿನಿಂದ ಬಡಿದು, "ಇದರಾಗ ನೀರು ಅದ!" ಅಂತ ಅಂಗಳಕ್ಕೆ ಚೆಲ್ಲಿದ. ಆಮೇಲೆ ತಿರುಗಿ ನನ್ನ ಕಡೆ ನೋಡಿದಾಗ ನಗು ಇರಲಿಲ್ಲ.

"ಇಷ್ಟು ದಿನ ತಂಬಗಿ ಬಡಕೋತ ಕುಂತಿದ್ನಲ್ಲ, ನೋಡಿದಿ ಹೌದಿಲ್ಲೋ?"

"ನೋಡಿನಿ."

"ಆದರೂ ಹೇಳಲಿಲ್ಲ."

"ಹೇಳಲಿಲ್ಲ."

"ಪತ್ತಿ ಕೊಯ್ದಿದ್ದು ಬಿಡ್ತೀನಿ. ಇದನ್ನ ನಾ ಜಲ್ದಿ ಬಿಡಂಗಿಲ್ಲ." ಬಗ್ಗಿ ನೆಲದ ಮೇಲಿನ ಸೀತನಿ ಆರಿಸತೊಡಗಿದ. "ನಾಳಿ ಕಲಬುರಗಿಗಿ ಹೋಗೋಣು. ಅಣ್ಣಗ ನಿನ್ನ ಬಾಯಿಲೆ ಹೇಳು. ಹುಲ್ಲು, ಚಾಕು ತಗೋ."

ಮರುದಿನ ಮೋಟಾರಿನಲ್ಲಿ ಅವನು ಮುಂದೆ ಕೂತ, ನಾನು ಹಿಂದೆ. ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಎಂಜಿನ್ನಿನ ಸಪ್ಪಳ ಕೇಳಿ ಡ್ರೈವರನಿಗೆ ಮಾತ್ರ, "ಏನೋ ಸಡಿಲ ಆಗ್ಯಾದ ನೋಡಪ್ಪಾ, ಎಡಕ್ಕ" ಅಂತ ಹೇಳುತ್ತಿದ್ದ. ಡ್ರೈವರ್ ಇಳಿದು ನೋಡಿ ಏನನ್ನೋ ಬಿಗಿದ. ಅಪ್ಪ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ, ಮತ್ತೆ ಮುಂದಕ್ಕೆ ತಿರುಗಿದ.

ಶಹಾಬಜಾರದ ಕೋಣೆಗೆ ಮೆಟ್ಟಿಲು ಹತ್ತಿದಾಗ ನನ್ನ ಕೂದಲ ತುಂಬ ಅರಳೆಯ ಎಳೆಗಳು. ಬಾಗಿಲ ಬಳಿ ನಿಂತೆ. ಉಸ್ತಾದರು ಸ್ಯಾಕ್ಸೋಫೋನ್ ಒರೆಸುತ್ತಿದ್ದರು, ಅಣ್ಣ ಕಿಟಕಿಯಲ್ಲಿ ಕೂತಿದ್ದ. ಸೊರಗಿದ್ದ. ನನ್ನನ್ನು ನೋಡಿ ಗಾಬರಿಯಾಗಿ ಎದ್ದ.

"ಮನ್ಯಾಗ ಏನರ ಆಗ್ಯಾದೇನು?"

ನಿಂತ ಜಾಗದಲ್ಲೇ ಹೇಳಿದೆ. ಎಲ್ಲರ ಎದುರಿಗೆ, ಒಂದೂ ಬಿಡದೆ.

"ಎರಡೂ?" ಅಂದ ಅಣ್ಣ. "ಒಂದರ ಬಿಡಬಾರದಿತ್ತೇನು?"

"ಒಂದು ಬಿಟ್ಟಿದ್ದರ ಊದ್ತಿದ್ದಿ."

"ನಾನು ನನ್ನ ತುಟೀನೇ ಕೆಟ್ಟಾವ ಅಂತ ತಿಳಕೊಂಡಿನಿ! ಕ್ಲಾರಿನೆಟ್ ಊದಿ ಊದಿ ಸನಾದಿ ಮರತೋಗ್ಯಾದ ಅಂತ. ದಿನಾ ತುಟಿಗಿ ಬೆಣ್ಣಿ ಹಚ್ಚಿಕೋತ ತಿರಗಿನಲ್ಲೇ, ಬಜಾರದಾಗ ನಾಯಿ ಹಿಂದ ಬೀಳ್ತಿದ್ದವು!"

ಡ್ರಮ್ಮಿನವನು ತಡೆಯಲಾರದೆ ನಕ್ಕ. ಉಸ್ತಾದರು ತಲೆಯಲ್ಲಾಡಿಸಿದರು. "ತೌಬಾ ತೌಬಾ. ದುಶ್ಮನ್ ಬೀ ಇತ್ತಾ ಪಕ್ಕಾ ಕಾಮ್ ನೈ ಕರ್ತಾ. ವೈರೀನೂ ಇಷ್ಟು ಪಕ್ಕಾ ಕೆಲಸ ಮಾಡಂಗಿಲ್ಲ."

ಅಣ್ಣ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೇಳಿದ, "ಬಾಜಾ ಕೇಳಬೇಕಂತ ಅಷ್ಟು ಆಸೆ ಇತ್ತೇನು ನಿನಗ?"

ಹೌದು ಅಂತ ತಲೆ ಹಾಕಿದೆ.

"ಸರಿ. ಇನ್ನ ಮ್ಯಾಲೆ ನೀ ಮನ್ಯಾಗ ಪತ್ತಿ ಮಾಡಂಗಿಲ್ಲ. ನಿನ್ನ ಮ್ಯಾಲೆ ನನಗ ನಂಬಿಕಿ ಇಲ್ಲ. ಇಲ್ಲೇ ಕುಂತು, ನನ್ನ ಕಣ್ಣ ಮುಂದ ಮಾಡಬೇಕು. ತಾಲೀಮು ಇದ್ದಾಗ, ಪಾರ್ಟಿ ಇದ್ದಾಗ, ಎಲ್ಲೇ ಇರಲಿ, ನನ್ನ ಮುಂದ ಕುಂತೇ ಮಾಡಬೇಕು." ಚಾಪೆ ಎಳೆದು ನೆಲಕ್ಕೆ ಹಾಸಿದ. "ಕೂಡು."

ಶಿಕ್ಷೆ ಕೊಟ್ಟೆ ಅಂತಲೇ ಅವನು ತಿಳಿದಿದ್ದ ಅನಿಸುತ್ತದೆ.

ಕೂತೆ. ಮನೆಯಿಂದ ತಂದ ಹುಲ್ಲಿನಲ್ಲಿ ಚಪ್ಪಟೆಯಾಗಿ ಸಿದ್ಧವಾಗಿದ್ದದ್ದು ಒಂದೇ. ಅದನ್ನು ನಳಿಗೆಗೆ ಕಟ್ಟಿ, ಸವರುತ್ತ ಬಂದೆ. ಗಂಡಸರೆಲ್ಲ ಕೈಯನ್ನೇ ನೋಡುತ್ತಿದ್ದರು. ಚಾಕು ಒಂದು ಸಲ ಹೆಚ್ಚು ಓಡಿತು. ಈ ಸಲ ಬೇಕಂತ ಅಲ್ಲ. ಆದರೂ ಮತ್ತೆ ಅದೇ ಕೂದಲಷ್ಟು ಹೋಯಿತು. ಯಾರೂ ಹೇಳುವ ಮೊದಲೇ ನನಗೆ ತಿಳಿಯಿತು. ಚಾಕು ಕೆಳಗಿಟ್ಟು ಮುಖ ಮುಚ್ಚಿಕೊಂಡೆ.

"ಊದು," ಅಂದ ಅಪ್ಪ.

"ಹೆಚ್ಚು ಕೊಯ್ದೀನಪ್ಪಾ."

"ನನಗೇನು ಕಾಣಂಗಿಲ್ಲೇನು? ಊದು ಅಂದೆ. ಸನಾದಿಗಿ ಹಾಕಿ ಊದು. ಇವನ ತುಟಿ ಬೆಣ್ಣ್ಯಾಗ ಜಾರತಾವ. ಅಡಗಿಮನ್ಯಾಗ ಊದತಿದ್ದಿಯಲ್ಲ, ಹಂಗೇ ಊದು. ನನ್ನ ಕಿವಿ ಸರಿ ಅದ ಅಂತ ಆಯ್ತಲ್ಲ ಈಗ."

ಅಷ್ಟೂ ವರ್ಷ ಅವನಿಗೆ ಗೊತ್ತಿತ್ತು. ಸನಾದಿ ತಗೊಂಡು, ಉಸಿರು ಹಿಡಿದು, ಒಂದೇ ಸ್ವರ ಊದಿದೆ. ಉಸ್ತಾದರು ಸ್ಯಾಕ್ಸೋಫೋನಿನಲ್ಲಿ ಅದೇ ಸ್ವರ ಹಿಡಿದರು. ಎರಡೂ ಒಂದಕ್ಕೊಂದು ಕಚ್ಚಿದವು. ಉಸ್ತಾದರು ಊದುವುದನ್ನು ನಿಲ್ಲಿಸಿ, ನೆಲದ ಮೇಲಿದ್ದ ಸೀಟಿಯ ಕಡೆ ನೋಡಿದರು. ಆಮೇಲೆ ತಮ್ಮ ವಾದ್ಯದ ಬಾಯಿಗೆ ಹಚ್ಚುವ ತುಂಡನ್ನು ಹಿಡಿದು ತಿರುಗಿಸುತ್ತ ಒಂದಿಷ್ಟು ಒಳಗೆ ತಳ್ಳಿದರು. ಅದು ಬೆಂಡಿನ ಮೇಲೆ ಕೂತಿರುತ್ತದೆ, ಒಳಗೆ ತಳ್ಳಿದರೆ ದನಿ ಏರುತ್ತದೆ, ಹೊರಗೆ ಎಳೆದರೆ ಇಳಿಯುತ್ತದೆ.

"ಊದು ಬೇಟಿ. ಬಿಡಬ್ಯಾಡ."

ಊದಿದೆ. ಅವರು ಮತ್ತೆ ಹಿಡಿದರು. ಅಪ್ಪ ಕಣ್ಣು ಮುಚ್ಚಿಕೊಂಡು ಕೈ ಎತ್ತಿದ. "ಇನ್ನಾ ಸ್ವಲ್ಪ ಒಳಗ್ರೀ ಉಸ್ತಾದರೇ. ಇನ್ನಾ. ಸಾಕು, ಸಾಕು!"

ಎರಡು ದನಿ ಒಂದಾದಾಗ ಏನಾಗುತ್ತದೆ ಅನ್ನುವುದನ್ನು ನಾನು ಆವರೆಗೆ ಕೇಳಿರಲಿಲ್ಲ. ಎದೆಯ ಗೂಡು ಸಣ್ಣಗೆ ನಡುಗಿದ ಹಾಗೆ ಆಯಿತು, ಕಿಟಕಿಯ ಗಾಜೂ ನಡುಗಿತು. ಕಾರ್ನೆಟ್‌ನವನು ಯಾರೂ ಹೇಳದೆ ತನ್ನ ನಳಿಗೆ ಸರಿಸಿಕೊಂಡು ಬಂದು ಸೇರಿದ.

ನಿಲ್ಲಿಸಿದ ಮೇಲೆ ಉಸ್ತಾದರು ಅಣ್ಣನಿಗೆ ಹೇಳಿದರು: "ಆ ದಿನಾ ನಾನೂ ಇದೇ ಮಾಡಬಹುದಿತ್ತು. ಒಂದು ಹಾಡಿನ ನಡುವ ಇಷ್ಟು ಸರಸಲಿಕ್ಕ ಏನು ತಾಸು ಬೇಕೇನು? ಮಾಡಲಿಲ್ಲ. ಸನಾದೀನೇ ನಮ್ಮ ಕಡಿ ಬರಬೇಕು ಅಂತ ಕುಂತಿದ್ದೆ. ಚಾಕು ಈ ಹುಡುಗಿ ಕೈಯಾಗ ಇತ್ತು, ಖರೆ. ಜಿದ್ದು ನನ್ನ ಕೈಯಾಗ ಇತ್ತು."

ಸೀಟಿಯನ್ನು ಎತ್ತಿ ಶೇರವಾನಿಯ ಕಿಸೆಯಲ್ಲಿ ಹಾಕಿಕೊಂಡರು. ಅದು ಮತ್ತೆ ಹೊರಗೆ ಬಂದದ್ದನ್ನು ನಾನು ಕಾಣಲಿಲ್ಲ. ಅಂದಿನಿಂದ ಆ ಮೇಳದಲ್ಲಿ ಮೊದಲು ಸನಾದಿ ಒಂದು ಸ್ವರ ಊದುವುದು, ಉಳಿದವರು ಅದಕ್ಕೆ ತಮ್ಮ ತಮ್ಮ ವಾದ್ಯ ಸರಿಸಿಕೊಳ್ಳುವುದು ರೂಢಿಯಾಯಿತು. ಓಡುವ ಹಾಡುಗಳು ಹೋಗಲಿಲ್ಲ. ಆದರೆ ಮೊದಲಿನಷ್ಟು ಓಡುತ್ತಿರಲಿಲ್ಲ. ಸನಾದಿ ಎಲ್ಲಿ ನಿಂತಿತೋ ಅಲ್ಲಿ ತಾವೂ ನಿಂತು, ಅದು ಬಿಟ್ಟ ಉಸಿರಿನ ಜಾಗದಲ್ಲಿ ಉಸ್ತಾದರು ತಮ್ಮ ಮಾತು ಹೇಳುತ್ತಿದ್ದರು.

ಐವಾನ್-ಎ-ಶಾಹಿಯವರು ಬಹಳ ದಿನ ಕರೆಯಲಿಲ್ಲ. ಮೊದಲು ಕರೆ ಬಂದದ್ದು ಕಮಲಾಪುರದಿಂದಲೇ, ಬಾಳೆ ತೋಟದವರ ಮನೆಯ ಲಗ್ನಕ್ಕೆ. ಚಪ್ಪರದ ಹೊರಗೆ ತಟ್ಟು ಹಾಸಿದ್ದರು. ಉಸ್ತಾದರು ಸುಮ್ಮನೆ ಒಳಗೆ ನಡೆದು, ಕುರ್ಚಿಗಳನ್ನು ಎತ್ತಿ ಸಾಲಾಗಿ ಇಟ್ಟು, ನಡುವಿನದರ ಮೇಲೆ ಅಪ್ಪನನ್ನು ಕೂಡಿಸಿದರು. ಮನೆಯ ಹಿರಿಯರು ಒಮ್ಮೆ ನೋಡಿದರು. ಹಾಗೇ ತಮ್ಮ ಕೆಲಸಕ್ಕೆ ತಿರುಗಿದರು. ನಾನು ಅಣ್ಣನ ಕಾಲ ಬಳಿ ಚಾಪೆಯ ಮೇಲೆ, ಒದ್ದೆ ಬಟ್ಟೆಯಲ್ಲಿ ಪತ್ತಿಗಳನ್ನಿಟ್ಟುಕೊಂಡು ಕೂತಿದ್ದೆ. ಅಪ್ಪ ನನ್ನ ಜೊತೆ ಮೊದಲಿನ ಹಾಗೆ ಮಾತಾಡತೊಡಗಿದ್ದು ಅವತ್ತೇ, ಅದೂ ಬೈಗುಳದಿಂದ: "ಸರಕೊಂಡು ಕೂಡು, ಡ್ರಮ್ಮು ನಿನ್ನ ಕಿವ್ಯಾಗೇ ಬಡೀತದ. ಕಿವಿ ಹೋದ್ರ ಏನ್ ಮಾಡ್ತಿ?"

ಸುರು ಮಾಡುವ ಮೊದಲು ಅಣ್ಣ ಒಂದು ಪತ್ತಿ ಎತ್ತಿಕೊಂಡ. ಬೆಳಕಿಗೆ ಹಿಡಿದ. ಚಪ್ಪರದ ಮಂದಿಯೆಲ್ಲ ನೋಡುತ್ತಿರುವಾಗ ಬಗ್ಗಿ ನನ್ನ ಮುಖಕ್ಕೆ ಮುಖ ತಂದು ಕೇಳಿದ:

"ಕೊಯ್ದೀ ಏನು?"

ಅವತ್ತು ಕಣ್ಣಲ್ಲಿ ನೀರು ಬಂತು. ಆಮೇಲೆ ಎಷ್ಟು ಲಗ್ನ, ಎಷ್ಟು ಪಾರ್ಟಿ ಆದವೋ, ಪ್ರತಿ ಸಲ ಅದನ್ನೇ ಕೇಳಿದ. ಕೆಲವು ಸಲ ನಗಿಸಲು, ಕೆಲವು ಸಲ ನಿಜವಾಗಿಯೂ ಅನುಮಾನದಿಂದ. ಯಾವುದು ಯಾವಾಗ ಅಂತ ನನಗೆ ಅವನ ಹುಬ್ಬು ನೋಡಿದರೆ ತಿಳಿಯುತ್ತಿತ್ತು. ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದ ಮೇಲೆಯೇ ಅವನು ಪತ್ತಿಯನ್ನು ನಾಲಿಗೆಯ ಮೇಲೆ ಇಡುತ್ತಿದ್ದ.